ವಿಶ್ವವಿದ್ಯಾನಿಲಯದ ಮೈದಾನ: ಕೃತಕ ಹಾಸೋ, ನೈಸರ್ಗಿಕ ಹುಲ್ಲೋ?

ಶಿಕ್ಷಣ ಸಂಸ್ಥೆಗಳ ಆಯವ್ಯಯದಲ್ಲಿ ಆಟದ ಮೈದಾನವು ಬಹುಕಾಲ ಗಂಭೀರ ಬಾಬತ್ತಾಗಿರಲಿಲ್ಲ. ನೆಲವನ್ನು ಸಮತಟ್ಟುಗೊಳಿಸಿ ಗೋಲು ಕಂಬಗಳನ್ನು ನೆಟ್ಟರೆ ಕೆಲಸ ಮುಗಿಯಿತೆಂಬ ಭಾವನೆಯಿತ್ತು. ಇಂದು ಪರಿಸ್ಥಿತಿ ಬದಲಾಗಿದೆ. ಬೆಂಗಳೂರಿನ ಬಡಾವಣೆಗಳಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ‘ಟರ್ಫ್’ಗಳು ವರ್ಷವಿಡೀ ಹಸಿರಾಗಿ ಕಾಣುವುದನ್ನು ನೋಡಿದ ಯಾವುದೇ ಆಡಳಿತ ಮಂಡಳಿಗೂ ತನ್ನ ಆವರಣದಲ್ಲಿಯೂ ಅಂತಹದೊಂದು ಇರಲೆಂಬ ಆಸೆ ಮೂಡುವುದು ಸಹಜ. ಆದರೆ ಪೂರ್ಣ ಪ್ರಮಾಣದ ಮೈದಾನವೊಂದರ ವಿಸ್ತೀರ್ಣ 105 ಮೀಟರ್ × 68 ಮೀಟರ್, ಅಂದರೆ 7,140 ಚದರ ಮೀಟರ್. ಇಷ್ಟು ನೆಲಕ್ಕೆ ಹಾಸುವ ವಸ್ತುವಿನ ಆಯ್ಕೆ ತಪ್ಪಿದರೆ ಅದರ ಭಾರವನ್ನು ಸಂಸ್ಥೆಯ ಬೊಕ್ಕಸವೂ ವಿದ್ಯಾರ್ಥಿಗಳ ಮೊಣಕಾಲುಗಳೂ ಹೊರಬೇಕಾಗುತ್ತದೆ. ಆದ್ದರಿಂದ ಈ ವಿಷಯವನ್ನು ವ್ಯಾಪಾರಿಯ ತಕ್ಕಡಿಯಲ್ಲಿಟ್ಟು ತೂಗಿ ನೋಡುವುದು ಉಚಿತ.

ಒಂದೇ ರಾಜ್ಯ, ಎರಡು ದಾರಿ

ಕೃತಕ ಹುಲ್ಲಿನ ಇತಿಹಾಸ ಆರಂಭವಾದದ್ದೇ ಶಾಲೆಯ ಅಂಗಳದಲ್ಲಿ. ಅಮೆರಿಕದ ಮೊನ್ಸಾಂಟೊ ಕಂಪನಿ ಸಿದ್ಧಪಡಿಸಿದ ಹಾಸನ್ನು 1964ರಲ್ಲಿ ಪ್ರಾವಿಡೆನ್ಸ್ ನಗರದ ಮೋಸೆಸ್ ಬ್ರೌನ್ ಶಾಲೆಯಲ್ಲಿ ಅಳವಡಿಸಲಾಯಿತು. ಹ್ಯೂಸ್ಟನ್ನಿನ ಆಸ್ಟ್ರೋಡೋಮ್ ಕ್ರೀಡಾಂಗಣದಲ್ಲಿ ಆಟಗಾರರ ಕಣ್ಣು ಕೋರೈಸುತ್ತಿದ್ದ ಚಾವಣಿಯ ಫಲಕಗಳಿಗೆ ಬಣ್ಣ ಬಳಿದ ಪರಿಣಾಮ ಒಳಗಿನ ಹುಲ್ಲು ಬಿಸಿಲಿಲ್ಲದೆ ಸತ್ತಿತು. 1966ರಲ್ಲಿ ಅಲ್ಲಿಗೆ ಇದೇ ಹಾಸು ಬಂದು ‘ಆಸ್ಟ್ರೋಟರ್ಫ್’ ಎಂಬ ಹೆಸರು ಜಗತ್ತಿಗೆ ಪರಿಚಯವಾಯಿತು.

ನಂತರದ ಕಥೆಗೆ ಮಿಷಿಗನ್ ರಾಜ್ಯದ ಎರಡು ವಿಶ್ವವಿದ್ಯಾನಿಲಯಗಳೇ ಸಾಕ್ಷಿ. ಮಿಷಿಗನ್ ವಿಶ್ವವಿದ್ಯಾನಿಲಯವು ತನ್ನ ಬೃಹತ್ ಕ್ರೀಡಾಂಗಣದಲ್ಲಿ 1969ರಲ್ಲಿ ಕೃತಕ ಹಾಸನ್ನು ಹಾಕಿತು. 1991ರಲ್ಲಿ ಅದನ್ನು ಕಿತ್ತು ಹುಲ್ಲು ಬೆಳೆಸಿತು. 2003ರಲ್ಲಿ ಮತ್ತೆ ಕೃತಕ ಹಾಸಿಗೆ ಮರಳಿತು. ಅಲ್ಲಿನ ಆಟದ ಅಂಕಣವು ಅಂತರ್ಜಲ ಮಟ್ಟಕ್ಕಿಂತ ಕೆಳಗಿರುವುದರಿಂದ ಹುಲ್ಲಿನ ಬೇರು ನಿಲ್ಲುವುದೇ ಕಷ್ಟವಾಗಿತ್ತು. ಇದೇ ರಾಜ್ಯದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯವು ಸಹ 1969ರಿಂದ ಕೃತಕ ಹಾಸನ್ನು ಬಳಸುತ್ತಿತ್ತಾದರೂ 2002ರಲ್ಲಿ ನೈಸರ್ಗಿಕ ಹುಲ್ಲಿಗೆ ಹಿಂದಿರುಗಿತು. ಹುಲ್ಲಿನ ಸಂಶೋಧನೆಯಲ್ಲಿ ಆ ಸಂಸ್ಥೆಗೆ ದೊಡ್ಡ ಹೆಸರಿದೆ. 1994ರ ವಿಶ್ವಕಪ್ ಫುಟ್‌ಬಾಲ್‌ಗಾಗಿ ಮುಚ್ಚಿದ ಚಾವಣಿಯ ಪಾಂಟಿಯಾಕ್ ಸಿಲ್ವರ್‌ಡೋಮ್ ಕ್ರೀಡಾಂಗಣದೊಳಗೆ ಷಟ್ಕೋನಾಕಾರದ ತಟ್ಟೆಗಳಲ್ಲಿ ಬೆಳೆಸಿದ ಹುಲ್ಲನ್ನು ಜೋಡಿಸಿ ಪಂದ್ಯ ನಡೆಸಿಕೊಟ್ಟವರು ಅಲ್ಲಿನ ತಜ್ಞರೇ. ಒಂದೇ ಹವಾಮಾನ, ಒಂದೇ ಕ್ರೀಡೆ, ಒಂದೇ ವರ್ಷದ ಅಂತರ. ಆದರೂ ನಿರ್ಧಾರಗಳು ಪರಸ್ಪರ ವಿರುದ್ಧ. ತನ್ನ ನೆಲದ ಗುಣ ಮತ್ತು ತನ್ನಲ್ಲಿರುವ ಪರಿಣತಿಯನ್ನು ಅರಿತು ಪ್ರತಿಯೊಂದು ಸಂಸ್ಥೆಯೂ ತೀರ್ಮಾನಿಸಬೇಕೆಂಬ ಪಾಠ ಇಲ್ಲಿದೆ.

ಕೃತಕ ಹಾಸಿನ ಬಲ ಮತ್ತು ಮಿತಿ

ಕೃತಕ ಹಾಸಿನ ನಿಜವಾದ ಬಲವಿರುವುದು ಬಳಕೆಯ ಗಂಟೆಗಳಲ್ಲಿ. ಉತ್ತಮವಾಗಿ ನಿರ್ವಹಿಸಿದ ಹುಲ್ಲಿನ ಮೈದಾನ ವಾರಕ್ಕೆ ಸುಮಾರು 20ರಿಂದ 25 ಗಂಟೆಗಳ ಆಟವನ್ನು ತಾಳಿಕೊಳ್ಳಬಲ್ಲದು. ಮಳೆಗಾಲದಲ್ಲಿ ಇನ್ನೂ ಕಡಿಮೆ. ಕೃತಕ ಹಾಸಿನ ಮೇಲೆ ಇದರ ಎರಡು ಪಟ್ಟಿಗೂ ಮೀರಿ ಆಡಬಹುದು. ಒಂದೇ ಮೈದಾನದಲ್ಲಿ ಹತ್ತು ತಂಡಗಳು ಅಭ್ಯಾಸ ಮಾಡಬೇಕಾದ ನಗರದ ಕಾಲೇಜಿಗೆ ಇದು ಸಣ್ಣ ಸಂಗತಿಯಲ್ಲ. ಇನ್ನು ಹಾಕಿಯ ವಿಷಯದಲ್ಲಿ ಚರ್ಚೆಗೆ ಅವಕಾಶವೇ ಇಲ್ಲ. 1975ರಲ್ಲಿ ಕ್ವಾಲಾಲಂಪುರದ ಹುಲ್ಲಿನ ಮೇಲೆ ವಿಶ್ವಕಪ್ ಗೆದ್ದ ಭಾರತವು ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಕೃತಕ ಹಾಸಿನ ಮೇಲೆ ಏಳನೆಯ ಸ್ಥಾನಕ್ಕೆ ಕುಸಿಯಿತು. ಇಂದು ಉನ್ನತ ಮಟ್ಟದ ಹಾಕಿಗೆ ಕೃತಕ ಹಾಸು ಅನಿವಾರ್ಯವಾಗಿದೆ.

ಆದರೆ ಫುಟ್‌ಬಾಲ್ ಮೈದಾನದ ಲೆಕ್ಕ ಬೇರೆ. ಇಲ್ಲಿ ಬಳಸುವ ಹಾಸಿನ ಉದ್ದನೆಯ ಎಳೆಗಳ ನಡುವೆ ಮರಳನ್ನೂ ಹಳೆಯ ಟೈರುಗಳಿಂದ ತಯಾರಾದ ರಬ್ಬರ್ ಹರಳುಗಳನ್ನೂ ತುಂಬಲಾಗುತ್ತದೆ. ರಬ್ಬರ್ ಒಂದೇ ಮೈದಾನವೊಂದಕ್ಕೆ ಸುಮಾರು ನೂರು ಟನ್ ಬೇಕಾಗಬಹುದು. ಬಿಸಿಲಿಗೆ ಇದು ಹೇಗೆ ಕಾಯುತ್ತದೆಂಬುದನ್ನು ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾನಿಲಯವು 2002ರಲ್ಲಿ ತನ್ನದೇ ಮೈದಾನದಲ್ಲಿ ಅಳೆಯಿತು. ಗಾಳಿಯ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಇದ್ದ ದಿನ ಹಾಸಿನ ಮೇಲ್ಮೈ ಸುಮಾರು 93 ಡಿಗ್ರಿ ತಲುಪಿತ್ತು. ನೀರು ಹಾಯಿಸಿದಾಗ ಹಾಸು 79ರಿಂದ 29 ಡಿಗ್ರಿಗೆ ಇಳಿದರೂ ಐದೇ ನಿಮಿಷಗಳಲ್ಲಿ ಮತ್ತೆ 49ಕ್ಕೇರಿತು. ಅಂತಹ ಬೇಸಿಗೆ ಕಲಬುರಗಿಗೂ ರಾಯಚೂರಿಗೂ ಹೊಸತಲ್ಲ. ಆ ಭಾಗದಲ್ಲಿ ಮಧ್ಯಾಹ್ನದ ಹೊತ್ತು ಇಂತಹ ಮೈದಾನ ನಿರುಪಯುಕ್ತವಾಗುವುದರಿಂದ, ಹೆಚ್ಚು ಗಂಟೆಗಳ ಬಳಕೆಯೆಂಬ ಲಾಭದಲ್ಲಿಯೇ ಕಡಿತವಾಗುತ್ತದೆ.

ಗಾಯಗಳ ಪ್ರಶ್ನೆಯನ್ನೂ ಕಡೆಗಣಿಸುವಂತಿಲ್ಲ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್‌ನ 2012ರಿಂದ 2016ರವರೆಗಿನ ಪಂದ್ಯಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವು, ಕೃತಕ ಹಾಸಿನ ಮೇಲೆ ಕಾಲಿನ ಗಾಯಗಳು ಶೇ. 16ರಷ್ಟು ಹೆಚ್ಚೆಂದು ತಿಳಿಸಿತು. ಇದು ಅಮೆರಿಕದ ಶೈಲಿಯ ಫುಟ್‌ಬಾಲ್‌ಗೆ ಸಂಬಂಧಿಸಿದ ಅಂಕಿಯಾದರೂ, ಹೊಣೆಯುಳ್ಳ ಸಂಸ್ಥೆಗೆ ಎಚ್ಚರಿಕೆಯ ಮಾತಾಗಿದೆ.

ಹುಲ್ಲಿಗೆ ನೀರೆಲ್ಲಿ?

ನೈಸರ್ಗಿಕ ಹುಲ್ಲಿನ ವಿರುದ್ಧ ಕೇಳಿಬರುವ ಪ್ರಬಲ ಆಕ್ಷೇಪ ನೀರಿನದು. ನಮ್ಮ ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 4ರಿಂದ 5 ಮಿಲಿಮೀಟರ್ ನೀರು ಬೇಕೆಂದು ಹಿಡಿದರೆ, ಪೂರ್ಣ ಮೈದಾನಕ್ಕೆ 28,000ದಿಂದ 36,000 ಲೀಟರ್ ಆಗುತ್ತದೆ. ಅಂದರೆ 12,000 ಲೀಟರಿನ ಮೂರು ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಿಲ್ಲಾಡಳಿತವು ಐದು ಕಿಲೋಮೀಟರ್ ಒಳಗಿನ ಅಂತಹ ಟ್ಯಾಂಕರಿಗೆ ನಿಗದಿಪಡಿಸಿದ್ದ 1,000 ರೂಪಾಯಿ ದರದಲ್ಲಿ ಲೆಕ್ಕ ಹಾಕಿದರೂ ತಿಂಗಳಿಗೆ 90,000 ರೂಪಾಯಿ. ಜನರು ಕುಡಿಯುವ ನೀರಿಗೆ ಪರದಾಡುವಾಗ ಆಟದ ಹುಲ್ಲಿಗೆ ಅದನ್ನು ಸುರಿಯುವುದು ನ್ಯಾಯವೂ ಅಲ್ಲ.

ಇದಕ್ಕೆ ಪರಿಹಾರವನ್ನು ಅದೇ ವರ್ಷ ಬೆಂಗಳೂರೇ ತೋರಿಸಿತು. ಐಪಿಎಲ್ ಪಂದ್ಯಗಳ ಸಂದರ್ಭದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹುಲ್ಲಿಗೆ ಸಂಸ್ಕರಿಸಿದ ತ್ಯಾಜ್ಯನೀರನ್ನು ಬಳಸಲಾಯಿತು. ಸಾವಿರಾರು ವಿದ್ಯಾರ್ಥಿಗಳು ವಾಸಿಸುವ ಹಾಸ್ಟೆಲುಗಳುಳ್ಳ ವಿಶ್ವವಿದ್ಯಾನಿಲಯದಲ್ಲಿ ಸ್ನಾನದ ನೀರೊಂದನ್ನೇ ಸಂಸ್ಕರಿಸಿದರೂ ಮೈದಾನದ ಅಗತ್ಯ ಪೂರೈಸಬಹುದು. ಹುಲ್ಲಿಗಾಗಿ ದೂರ ಹೋಗಬೇಕಾಗಿಯೂ ಇಲ್ಲ. ಜಗತ್ತಿನ ಉಷ್ಣ ಪ್ರದೇಶದ ಮೈದಾನಗಳಲ್ಲೆಲ್ಲ ಬೆಳೆಸುವ ಬರ್ಮುಡಾ ಹುಲ್ಲು ನಾವು ಗಣಪತಿಗೆ ಏರಿಸುವ ಗರಿಕೆಯೇ. ಅದರ ಸುಧಾರಿತ ಮಿಶ್ರತಳಿಗಳು ಆಟಕ್ಕೆ ಬಳಕೆಯಾಗುತ್ತಿವೆ. ಕೆಳಗೆ ಮರಳಿನ ಪದರ ಹಾಗೂ ನೀರು ಬಸಿಯುವ ಕೊಳವೆಗಳಿದ್ದರೆ ಮಳೆಗಾಲದ ಕೆಸರಿನ ತೊಂದರೆಯೂ ಬಹುಪಾಲು ನಿವಾರಣೆಯಾಗುತ್ತದೆ.

ಟೆಂಡರ್ ಕರೆಯುವ ಮುನ್ನ

ಕೃತಕ ಹಾಸಿನ ಆಯುಷ್ಯ ಸಾಮಾನ್ಯವಾಗಿ 8ರಿಂದ 10 ವರ್ಷ. ಆ ಬಳಿಕ ಮೇಲಿನ ಹಾಸನ್ನು ಪೂರ್ತಿಯಾಗಿ ಬದಲಿಸಬೇಕು. ಕಿತ್ತ ಪ್ಲಾಸ್ಟಿಕ್ ಹಾಗೂ ರಬ್ಬರನ್ನು ಎಲ್ಲಿಗಾದರೂ ಸಾಗಿಸಬೇಕು. ಆದ್ದರಿಂದ ಟೆಂಡರಿನಲ್ಲಿ ಕೇವಲ ಆರಂಭಿಕ ದರವನ್ನು ಹೋಲಿಸುವ ಪದ್ಧತಿ ದಾರಿ ತಪ್ಪಿಸುತ್ತದೆ. ನಿರ್ಮಾಣ, ನಿರ್ವಹಣೆ, ನೀರು, ಮರುಹಾಸು ಮತ್ತು ವಿಲೇವಾರಿಗಳ ಇಪ್ಪತ್ತು ವರ್ಷಗಳ ಒಟ್ಟು ವೆಚ್ಚವನ್ನು ಆಟಕ್ಕೆ ನಿಜವಾಗಿ ದೊರೆಯುವ ಗಂಟೆಗಳಿಂದ ಭಾಗಿಸಿ, ಗಂಟೆಯೊಂದರ ವೆಚ್ಚವನ್ನು ಕಂಡುಕೊಳ್ಳಬೇಕು. ಕೃತಕ ಹಾಸನ್ನು ಆರಿಸಿದ ಸಂಸ್ಥೆಯು ಮೊದಲ ವರ್ಷದಿಂದಲೇ ಸವಕಳಿ ನಿಧಿಯನ್ನು ಕೂಡಿಡಬೇಕು. ಹುಲ್ಲನ್ನು ಆರಿಸಿದ ಸಂಸ್ಥೆಯು ತರಬೇತಿ ಪಡೆದ ಮೈದಾನ ಸಿಬ್ಬಂದಿಯನ್ನು ಖಾಯಂ ಆಗಿ ನೇಮಿಸಬೇಕು; ಮಾಲಿಯೊಬ್ಬನಿಗೆ ಬಿಡುವಿನ ವೇಳೆಯ ಕೆಲಸವಾಗಿ ಒಪ್ಪಿಸಿದ ಮೈದಾನ ಎರಡೇ ವರ್ಷಗಳಲ್ಲಿ ಬಯಲಾಗುತ್ತದೆ.

ವಾರದ ಬಳಕೆ 25 ಗಂಟೆಗಳೊಳಗಿದ್ದು ಸಂಸ್ಕರಿಸಿದ ನೀರು ಲಭ್ಯವಿದ್ದಲ್ಲಿ ಹುಲ್ಲೇ ಸೂಕ್ತವೆಂಬುದು ಈ ಲೇಖನದ ನಿಲುವು. ಜಾಗ ಕಿರಿದಾಗಿದ್ದು ಬಳಕೆ ಅದಕ್ಕಿಂತ ಬಹಳ ಹೆಚ್ಚಿದ್ದಲ್ಲಿ, ಅಥವಾ ಹಾಕಿಗೆ, ಕೃತಕ ಹಾಸನ್ನು ಪರಿಗಣಿಸಬಹುದು.

ಉದ್ಯಮಿಗಳಿಗೆ ಅವಕಾಶ

ನಮ್ಮ ಸದಸ್ಯ ಉದ್ಯಮಿಗಳು ಗಮನಿಸಬೇಕಾದ ಬೆಳವಣಿಗೆಯೊಂದಿದೆ. ಯುರೋಪಿಯನ್ ಒಕ್ಕೂಟವು 2023ರಲ್ಲಿ ಜಾರಿಗೊಳಿಸಿದ ನಿಯಮದಂತೆ, ಮೈದಾನಗಳಿಗೆ ತುಂಬುವ ರಬ್ಬರ್ ಹಾಗೂ ಪ್ಲಾಸ್ಟಿಕ್ ಹರಳುಗಳ ಮಾರಾಟ 2031ರ ಅಕ್ಟೋಬರ್‌ನಿಂದ ಅಲ್ಲಿ ನಿಷಿದ್ಧ. ಇದಕ್ಕೆ ಬದಲಿಯಾಗಿ ಕಾರ್ಕ್ ಮತ್ತು ತೆಂಗಿನ ನಾರಿನ ಮಿಶ್ರಣ ಈಗಾಗಲೇ ಬಳಕೆಯಲ್ಲಿದೆ. ಈ ವಸ್ತುವಿಗೂ ಸ್ವಲ್ಪ ತೇವ ಬೇಕು ಮತ್ತು ಆಗಾಗ್ಗೆ ಮರುಭರ್ತಿ ಬೇಕು ಎಂಬುದು ನಿಜ. ಆದರೆ ತಿಪಟೂರು, ಅರಸೀಕೆರೆ ಭಾಗದ ನಾರು ಉದ್ಯಮಕ್ಕೆ ಇದು ಹೊಸ ಮಾರುಕಟ್ಟೆಯಾಗಬಲ್ಲದು. ಹುಲ್ಲಿನ ನರ್ಸರಿ, ಬಸಿಗಾಲುವೆ ಕಾಮಗಾರಿ, ನೀರು ಸಂಸ್ಕರಣೆ ಮತ್ತು ವಾರ್ಷಿಕ ನಿರ್ವಹಣಾ ಗುತ್ತಿಗೆಗಳಲ್ಲಿಯೂ ಅವಕಾಶಗಳಿವೆ. ಹಾಸನ್ನು ಮಾರಿ ಹೊರಟುಹೋಗುವ ವ್ಯಾಪಾರಕ್ಕಿಂತ, ಹತ್ತು ವರ್ಷ ಮೈದಾನವನ್ನು ಆಟಕ್ಕೆ ಯೋಗ್ಯವಾಗಿ ಉಳಿಸಿಕೊಡುವ ಸೇವೆಯನ್ನು ಒದಗಿಸುವ ಸಂಸ್ಥೆಗೆ ಶಿಕ್ಷಣ ಕ್ಷೇತ್ರದಲ್ಲಿ ದೀರ್ಘಕಾಲದ ಗ್ರಾಹಕರು ದೊರೆಯುವರು.