ಕೆರೆಯ ಕಳೆಯೂ ನಮ್ಮ ಹೊಣೆಯೂ

ಕೆರೆಯ ಮೈತುಂಬ ಹಸುರು ಹಾಸಿ, ಅದರ ನಡುವೆ ತಿಳಿನೇರಳೆಯ ಹೂಗೊಂಚಲುಗಳು ತಲೆಯೆತ್ತಿ ನಿಂತಿರುವುದನ್ನು ಕಂಡ ದಾರಿಗನು ಅದರ ಸೊಬಗಿಗೆ ಮರುಳಾದರೆ ಆಶ್ಚರ್ಯವಿಲ್ಲ. ಆದರೆ ಆ ಹಸುರಿನ ಕೆಳಗೆ ಬೆಳಕು ಬೀಳದ, ಮೀನಿಗೆ ಉಸಿರು ಸಾಲದ ನೀರಿರುವುದೆಂಬುದನ್ನು ಬಲೆ ಬೀಸುವ ಬೆಸ್ತರು ಚೆನ್ನಾಗಿ ಬಲ್ಲರು. ಈ ಗಿಡವೇ ಜಲಕುಂಭಿ. ಅನೇಕರು ಇದನ್ನೂ ಅಂತರಗಂಗೆಯೆಂದೇ ಕರೆಯುವರು.

ದಕ್ಷಿಣ ಅಮೆರಿಕೆಯ ಅಮೆಜಾನ್ ನದೀಪ್ರಾಂತವು ಇದರ ತವರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೂವಿನ ಅಂದಕ್ಕಾಗಿ ಇದನ್ನು ವಂಗದೇಶಕ್ಕೆ ತಂದರು. ಕೆಲವೇ ದಶಕಗಳಲ್ಲಿ ಅಲ್ಲಿಯ ಕಾಲುವೆಗಳಲ್ಲಿ ದೋಣಿ ನಡೆಯದಾಯಿತು. ಬತ್ತದ ಗದ್ದೆಗಳು ಹಾಳಾದುವು. 1921ರಲ್ಲಿ ಜಗದೀಶಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯು ನೇಮಕವಾಯಿತು. 1936ರಲ್ಲಿ ಇದರ ನಿವಾರಣೆಗೆಂದೇ ಶಾಸನವಾಯಿತು. 1937ರ ಚುನಾವಣೆಯಲ್ಲಿ ಈ ಕಳೆಯನ್ನು ತೊಲಗಿಸುವೆವೆಂಬುದೇ ಒಂದು ವಾಗ್ದಾನವಾಯಿತು. ಇಷ್ಟಾದರೂ ಕಳೆಯು ತೊಲಗಲಿಲ್ಲ.

ಇದರ ಬೆಳವಣಿಗೆಯ ರೀತಿಯೇ ಅಂತಹದು. ತಾಯಿಗಿಡವು ಸುತ್ತಲೂ ಕವಲುಗಳನ್ನು ಚಾಚಿ ಮರಿಗಿಡಗಳನ್ನು ಹಡೆಯುವುದು. ಗೊಬ್ಬರದ ಅಂಶವು ಹೆಚ್ಚಾಗಿರುವ ನೀರಿನಲ್ಲಿ ಎರಡು ವಾರಗಳೊಳಗಾಗಿ ಇಮ್ಮಡಿಯಾಗಬಲ್ಲುದು. ಬೀಜವೋ ಕೆಸರಿನಲ್ಲಿ ಹಲವು ವರ್ಷ ಜೀವ ಹಿಡಿದಿರುವುದು. ಆದುದರಿಂದ ಒಮ್ಮೆ ಕಿತ್ತು ಕೈ ತೊಳೆದುಕೊಳ್ಳುವ ಕೆಲಸವಿದಲ್ಲ.

ನಮ್ಮ ನಾಡಿನ ಅನುಭವವನ್ನೇ ನೋಡೋಣ. 1983ರ ಸುಮಾರಿಗೆ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಗಿಡವನ್ನೇ ತಿಂದು ಬಾಳುವ ಸೊಂಡಿಲುಹುಳುಗಳನ್ನು ಹೊರನಾಡಿನಿಂದ ತರಿಸಿ, ಅನ್ಯ ಬೆಳೆಗಳಿಗೆ ಅವುಗಳಿಂದ ಅಪಾಯವಿಲ್ಲವೆಂದು ಪರೀಕ್ಷಿಸಿ, ಇಲ್ಲಿಯ ಕೆರೆಗಳಲ್ಲಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ಕೆಲವು ಕೆರೆಗಳ ನೀರು ಮತ್ತೆ ಕಣ್ಣಿಗೆ ಬಿದ್ದಿತು. ಇದು ನಮ್ಮ ವಿಜ್ಞಾನಕ್ಕೆ ಭೂಷಣವೇ ಸರಿ. ಆದರೆ ಊರಿನ ಕೊಳಚೆಯು ಹಗಲಿರುಳು ಕೆರೆಗೆ ಹರಿದು ಕಳೆಗೆ ಊಟವಿಕ್ಕುತ್ತಿರುವಾಗ ಹುಳುವಾದರೂ ಏನು ಮಾಡೀತು? ಬೆಳ್ಳಂದೂರು ಕೆರೆಯಲ್ಲಿ 2017ರಲ್ಲಿಯೂ 2018ರಲ್ಲಿಯೂ ಬೆಂಕಿ ಎದ್ದುದನ್ನು ಲೋಕವೇ ನೋಡಿತು. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ರಾಜ್ಯ ಸರಕಾರಕ್ಕೆ 50 ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿತು. ಸರಕಾರದ ಬೊಕ್ಕಸವೆಂದರೆ ಪ್ರಜೆಗಳ ಹಣವೆಂಬುದನ್ನು ಹೇಳಬೇಕಾದುದಿಲ್ಲ.

ಅದೇ ನಗರದ ಜಕ್ಕೂರು ಕೆರೆಯು ಬೇರೊಂದು ಪಾಠವನ್ನು ಹೇಳುತ್ತದೆ. ಅಲ್ಲಿ ಕೊಳಚೆಯನ್ನು ಮೊದಲು ಸ್ಥಾವರದಲ್ಲಿ ಶುದ್ಧಿಗೊಳಿಸಿ, ಬಳಿಕ ಜೊಂಡು ಮುಂತಾದ ಸಸ್ಯಗಳಿಂದ ಕೂಡಿದ ಜೌಗಿನ ಮೂಲಕ ಹಾಯಿಸಿ, ಆಮೇಲೆ ಕೆರೆಗೆ ಬಿಡುವ ಏರ್ಪಾಡನ್ನು ಮಾಡಿದರು. ನೀರಿನಲ್ಲಿ ಉಳಿದ ಗೊಬ್ಬರದ ಅಂಶವನ್ನು ಸಸ್ಯಗಳೇ ಹೀರುವುವು. ಅಂತಹ ಜೌಗಿನಲ್ಲಿ ಜಲಕುಂಭಿಯೂ ದುಡಿಯಬಲ್ಲುದು. ಆದರೆ ಅದನ್ನು ಎಲ್ಲೆಯೊಳಗಿರಿಸಿ ಕಾಲಕಾಲಕ್ಕೆ ಕಿತ್ತು ತೆಗೆಯುವ ಕೈಗಳು ಬೇಕು.

ಆದುದರಿಂದ ಮಾಡತಕ್ಕ ಕೆಲಸದ ಕ್ರಮವು ಸ್ಪಷ್ಟವಾಗಿದೆ. ಮೊದಲು ಕೊಳಚೆಯನ್ನು ತಡೆಯಬೇಕು. ಹೂ ಬಿಟ್ಟು ಬೀಜ ಕಟ್ಟುವ ಮೊದಲೇ ಗಿಡವನ್ನು ಕೀಳಬೇಕು. ಕಿತ್ತುದನ್ನು ದಡದ ಅಂಚಿನಲ್ಲಿ ಕೊಳೆಯಲು ಬಿಟ್ಟರೆ ಅದರ ಸಾರವು ಮರಳಿ ನೀರನ್ನೇ ಸೇರುವುದು; ದೂರ ಸಾಗಿಸಿ ಗೊಬ್ಬರ ಮಾಡಬೇಕು. ಮುಂದಿನ ವರ್ಷ ಮರಳಿ ಮೊಳೆತವನ್ನು ಮರಳಿ ಕೀಳಬೇಕು. ಟೆಂಡರು ಕರೆದು ಒಂದು ಬೇಸಗೆಯಲ್ಲಿ ಯಂತ್ರ ಇಳಿಸಿ, ಭಾವಚಿತ್ರ ತೆಗೆಯಿಸಿ ಮರೆಯುವುದರಿಂದ ಕೆರೆಯು ಉಳಿಯಲಾರದು.

ಹಿಂದೆ ತೂಬು ಕಾಯಲು ನೀರಗಂಟಿಯಿದ್ದನು. ಹೂಳೆತ್ತಲು ಊರೇ ಕೂಡುತ್ತಿತ್ತು. ನಲ್ಲಿಯ ನೀರು ಮನೆಬಾಗಿಲಿಗೆ ಬಂದ ಮೇಲೆ ಕೆರೆಯು ಯಾರದೂ ಅಲ್ಲದಾಯಿತು. ಪರದೇಶದ ಕಳೆಯೆಂದು ಗಿಡವನ್ನು ಹಳಿಯುವುದು ಸುಲಭ. ಅದು ಬಂದುದು ಪರರ ಆಳಿಕೆಯಲ್ಲಿ, ನಿಜ. ಆದರೆ ಸ್ವರಾಜ್ಯ ಬಂದು ಮುಕ್ಕಾಲು ಶತಮಾನ ಕಳೆದ ಮೇಲೂ ಅದಕ್ಕೆ ಅನ್ನವಿಕ್ಕಿ ಸಾಕುತ್ತಿರುವವರು ನಾವೇ. ಸರಕಾರದವರೂ ನಾಗರಿಕರೂ ಈ ಮಾತನ್ನು ಒಪ್ಪಿ, ಮುಂದಿನ ಮಳೆಗಾಲಕ್ಕೆ ಮುನ್ನ ತಮ್ಮ ತಮ್ಮ ಊರಿನ ಕೆರೆಯ ದಡಕ್ಕಿಳಿಯುವರೆಂದು ಆಶಿಸುತ್ತೇವೆ.