ಗಂಜಾಂನ ದೊಡ್ಡಸ್ವಾಮಿಯವರ ಚರ್ಚು

ಶ್ರೀರಂಗಪಟ್ಟಣಕ್ಕೆ ಬಂದವರು ರಂಗನಾಥನ ದರ್ಶನ ಮುಗಿಸಿ, ದರಿಯಾ ದೌಲತ್ ನೋಡಿ, ಗುಂಬಜ್ ಸುತ್ತಿ, ನಿಮಿಷಾಂಬೆಗೆ ಕೈಮುಗಿದು ಬಸ್ ಹತ್ತುತ್ತಾರೆ. ನಿಮಿಷಾಂಬೆಯ ಗುಡಿಯಿರುವ ಅದೇ ಗಂಜಾಂನಲ್ಲಿ ಅಬ್ಬೆ ದುಬಾಯ್ ಚರ್ಚು ಇದೆ. ಟಿಪ್ಪು ಸಿರಾದಿಂದ ಸಾವಿರಾರು ಕುಟುಂಬಗಳನ್ನು ಕರೆತಂದು ನೆಲೆಗೊಳಿಸಿದ ಪೇಟೆ ಅದು. ಚರ್ಚು ಶುರುವಾದದ್ದು 1800ರ ಹೊತ್ತಿಗೆ. ಆದರೆ ಇಲ್ಲಿನ ಕ್ರೈಸ್ತ ಸಭೆ ಅದಕ್ಕಿಂತ ನೂರೈವತ್ತು ವರ್ಷ ಹಳೆಯದು.

1648ರ ಸುಮಾರಿಗೆ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದರು. ಆಗ ಆಳುತ್ತಿದ್ದವರು ಕಂಠೀರವ ನರಸರಾಜ ಒಡೆಯರ್. ಚಿನ್ನಾಮಿ ಕನ್ನಡ ಕಲಿತು, ಕನ್ನಡಕ್ಕೊಂದು ವ್ಯಾಕರಣ, ಒಂದು ಶಬ್ದಕೋಶ, ಧರ್ಮೋಪದೇಶದ ಪುಸ್ತಕ ಬರೆದರು. ಕಿಟೆಲ್ಲರ ನಿಘಂಟು ಅಚ್ಚಾಗುವುದಕ್ಕೆ ಎರಡು ಶತಮಾನ ಮೊದಲಿನ ಮಾತಿದು. ಹತ್ತಿರದ ಪಾಲಹಳ್ಳಿ ಈ ಮೈಸೂರು ಮಿಷನ್ನಿನ ಹಳೆಯ ನೆಲೆಗಳಲ್ಲೊಂದು. ಕನ್ನಡ ಕ್ರೈಸ್ತ ಸಾಹಿತ್ಯದ ಬೇರು ಮಂಗಳೂರಿನಲ್ಲಷ್ಟೇ ಇದೆ ಎಂದುಕೊಂಡವರು ಕಾವೇರಿಯ ಈ ದಡವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

1773ರಲ್ಲಿ ಪೋಪರು ಯೇಸುಸಭೆಯನ್ನೇ ವಿಸರ್ಜಿಸಿದಾಗ ಮಿಷನ್ ಸೊರಗಿತು. ಆದರೂ ಊರಿನಲ್ಲಿ ಕ್ರೈಸ್ತರಿಗೆ ಕೊರತೆ ಇರಲಿಲ್ಲ. ಹೈದರನ ಸೇನೆಯಲ್ಲಿ ಯುರೋಪಿನ ಸಿಪಾಯಿಗಳಿದ್ದರು. 1779ರಲ್ಲಿ ಬ್ರಿಟಿಷರ ದೂತನಾಗಿ ಬಂದ ಜರ್ಮನ್ ಪಾದ್ರಿ ಶ್ವಾರ್ಟ್ಸ್ ಹೈದರನನ್ನು ಕಂಡು ಮಾತಾಡಿದ್ದಲ್ಲದೆ, ಆ ಸಿಪಾಯಿಗಳಿಗಾಗಿ ಆರಾಧನೆಯನ್ನೂ ನಡೆಸಿಕೊಟ್ಟರು. ಫ್ರೆಂಚ್ ಪಡೆ ಬೀಡುಬಿಟ್ಟಿದ್ದ ಹಿರೋಡೆಯ ಬಂಡೆಗಳಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಅಂಟಿಕೊಂಡಿತು. ಇಂದಿನ ಪಾಂಡವಪುರ ಅದೇ.

ಆಮೇಲೆ ಬಂದದ್ದು ಕಷ್ಟದ ಕಾಲ. 1784ರಲ್ಲಿ ಟಿಪ್ಪು ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತಂದ. ಎಷ್ಟು ಜನ ಎಂಬುದರಲ್ಲಿ ಲೆಕ್ಕಗಳು ಹೊಂದುವುದಿಲ್ಲ. ಹತ್ತಾರು ಸಾವಿರ ಎಂಬುದರಲ್ಲಿ ಅನುಮಾನವಿಲ್ಲ. ದಾರಿಯಲ್ಲೇ ಸತ್ತವರು, ಬಲವಂತಕ್ಕೆ ಮತಾಂತರವಾದವರು, ಸೇನೆಗೆ ಸೇರಿಸಲ್ಪಟ್ಟವರು ಬಹಳ. 1799ರ ಮೇ 4ರಂದು ಕೋಟೆ ಬಿದ್ದಾಗ ಬದುಕುಳಿದವರಲ್ಲಿ ಅನೇಕರು ಊರಿಗೆ ಮರಳಿದರು. ಉಳಿದವರಿಗೆ ಒಬ್ಬ ಗುರು ಬೇಕಿತ್ತು.

ಬಂದವರು ಜಾನ್ ಆಂತ್ವಾನ್ ದುಬಾಯ್. ಹುಟ್ಟಿದ್ದು 1766ರಲ್ಲಿ, ದಕ್ಷಿಣ ಫ್ರಾನ್ಸಿನ ಹಳ್ಳಿಯೊಂದರಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದು, ಕ್ರಾಂತಿಯ ಬೆಂಕಿಯಲ್ಲಿದ್ದ ದೇಶವನ್ನು ಅದೇ ವರ್ಷ ಬಿಟ್ಟು, ಪ್ಯಾರಿಸ್ ಮಿಷನ್ನಿನ ಪರವಾಗಿ ಭಾರತಕ್ಕೆ ಬಂದಿದ್ದರು. ಅವರ ಹೆಸರನ್ನು ಸೂಚಿಸಿದವನು ಮುಂದೆ ವಾಟರ್ಲೂ ಗೆದ್ದ ಕರ್ನಲ್ ವೆಲ್ಲೆಸ್ಲಿ. ದುಬಾಯ್ ದೇಶೀ ನಿಲುವಂಗಿ ತೊಟ್ಟರು, ತಲೆಗೆ ರುಮಾಲು ಸುತ್ತಿದರು, ಮಾಂಸ ಬಿಟ್ಟರು, ಯುರೋಪಿಯನ್ನರ ಸಹವಾಸದಿಂದ ದೂರವೇ ಉಳಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಚದುರಿದ್ದ ಸಭೆಯನ್ನು ಒಟ್ಟುಗೂಡಿಸಿದರು, ಬಲವಂತದಿಂದ ಮತ ಬದಲಿಸಿದ್ದವರನ್ನು ಮರಳಿ ಸೇರಿಸಿಕೊಂಡರು. ಹೊಲವಿಲ್ಲದ ಕುಟುಂಬಗಳಿಗಾಗಿ ಬೇಸಾಯದ ವಸಾಹತುಗಳನ್ನು ಕಟ್ಟಿದರು. ಹಾಸನದ ಬಳಿಯ ಸತ್ತಳ್ಳಿ ಅವುಗಳಲ್ಲಿ ಮುಖ್ಯವಾದದ್ದು.

ಅವರ ಕೆಲಸಗಳಲ್ಲಿ ಎಲ್ಲಕ್ಕಿಂತ ಮಿಗಿಲಾದದ್ದು ದೇವಿ, ಎಂದರೆ ಸಿಡುಬಿನ ಲಸಿಕೆ, ಹಾಕಿಸಿದ್ದು. ಜೆನ್ನರ್ ಕಂಡುಹಿಡಿದ ಸಿಡುಬಿನ ಲಸಿಕೆ 1802ರ ಜೂನ್‌ನಲ್ಲಿ ಮುಂಬಯಿ ತಲುಪಿತು. ಮರುವರ್ಷವೇ ದುಬಾಯ್ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅದನ್ನು ಹಬ್ಬಿಸಲು ಹೊರಟರು. ಮೊದಲ ಒಂದೆರಡು ವರ್ಷದಲ್ಲೇ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆಯಾಯಿತೆಂದು ದಾಖಲೆ ಹೇಳುತ್ತದೆ. ಸಿಡುಬನ್ನು ಮಾರಿಯ ಮುನಿಸೆಂದು ನಂಬಿದ್ದ ಕಾಲದಲ್ಲಿ, ಹಸುವಿನ ಕೀವಿನಿಂದ ಬಂದ ಔಷಧಿಗೆ ತೋಳು ಕೊಡುವಂತೆ ರೈತರನ್ನು ಒಪ್ಪಿಸಬೇಕಾದರೆ ಆ ಮನುಷ್ಯನ ಮೇಲೆ ಊರಿಗೆ ಎಷ್ಟು ನಂಬಿಕೆ ಇದ್ದಿರಬೇಕು! 1805ರ ಸುಮಾರಿಗೆ ಥಾಮಸ್ ಹಿಕಿ ಮೈಸೂರಿನ ಅರಮನೆಯ ಮೂವರು ಸ್ತ್ರೀಯರ ಚಿತ್ರ ಬರೆದ. ಅದರಲ್ಲಿ ರಾಣಿ ದೇವಜಮ್ಮಣ್ಣಿ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾರೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಗುರುತಿಸಿದ್ದಾರೆ. ದುಬಾಯ್ ಅವರ ಭಾವಚಿತ್ರ ಬರೆದವನೂ ಅದೇ ಹಿಕಿ.

ಲೋಕಕ್ಕೆ ಅವರು ಪರಿಚಿತರಾದದ್ದು ಹಿಂದೂಗಳ ಆಚಾರ ವಿಚಾರಗಳ ಬಗೆಗಿನ ಗ್ರಂಥದಿಂದ. ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿಕೊಂಡ ಆ ಹಸ್ತಪ್ರತಿಯನ್ನು ಕಂಪನಿ ಸರ್ಕಾರ 2,000 ವರಹಕ್ಕೆ ಕೊಂಡಿತು. ಇಂಗ್ಲಿಷಿನಲ್ಲಿ ಅಚ್ಚಾದದ್ದು 1816ರಲ್ಲಿ. ಅದರ ಬಹುಪಾಲು ಯೇಸುಸಭೆಯ ಗುರು ಕೂರ್ದೂ ಮೊದಲೇ ಬರೆದಿಟ್ಟಿದ್ದ ಕೃತಿಯಿಂದ ಬಂದದ್ದೆಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿದರು. ಗ್ರಂಥದ ಕೀರ್ತಿ ಇದರಿಂದ ಕುಗ್ಗಿದ್ದು ನಿಜ. ಲಸಿಕೆ ಹಾಕಿದ ಕೈಯ ಕೀರ್ತಿಗೆ ಕುಂದು ಬಂದಿಲ್ಲ.

1823ರ ಜನವರಿಯಲ್ಲಿ ಅವರು ಭಾರತ ಬಿಟ್ಟರು. ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತೆಂದು ಮುಚ್ಚುಮರೆಯಿಲ್ಲದೆ ಬರೆದರು. ಇಷ್ಟು ವರ್ಷ ದುಡಿದು ತಾವು ಮಾಡಿದ ಮತಾಂತರ ಇನ್ನೂರು ಮುನ್ನೂರಕ್ಕೆ ಮೀರಿಲ್ಲ ಎಂದೂ ಒಪ್ಪಿಕೊಂಡರು. ಇಂಗ್ಲೆಂಡಿನ ಪಾದ್ರಿಗಳು ಸಿಟ್ಟಿಗೆದ್ದು ಉತ್ತರ ಬರೆದರು. ಪ್ಯಾರಿಸ್ಸಿನಲ್ಲಿ ತಮ್ಮದೇ ಮಿಷನ್ನಿನ ಹಿರಿಯ ಹೊಣೆ ಹೊತ್ತು, 1848ರ ಫೆಬ್ರವರಿಯಲ್ಲಿ ತೀರಿಕೊಂಡರು.

ಜ್ವರದ ಕಾಟಕ್ಕೆ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಹೋಯಿತು, ಊರು ಖಾಲಿಯಾಯಿತು. ಸಭೆ ಮಾತ್ರ ಉಳಿಯಿತು. 1939ರಲ್ಲಿ ಮಂಡ್ಯ ಜಿಲ್ಲೆಯಾದಾಗ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ತಾಲ್ಲೂಕುಗಳು ಅದರೊಳಗೆ ಬಂದವು. ಲ್ಯಾಟಿನ್ ವಿಧಿಯ ಕ್ಯಾಥೊಲಿಕರ ಆಡಳಿತದಲ್ಲಿ ಇಡೀ ಜಿಲ್ಲೆ ಈಗಲೂ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದೆ.

ಈ ತಾಲ್ಲೂಕುಗಳ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಮಕ್ಕಳನ್ನು ಶ್ರೀರಂಗಪಟ್ಟಣದ ಪ್ರವಾಸಕ್ಕೆ ಕರೆದೊಯ್ದಾಗ ಕೋಟೆ ಬಿದ್ದ ಕಥೆಯ ಜೊತೆಗೆ ಸಿಡುಬು ಸೋತ ಕಥೆಯನ್ನೂ ಹೇಳಿ. ಗಂಜಾಂನ ಚರ್ಚಿನ ಮುಂದೆ ನಿಂತೇ ಹೇಳಿ.