ಷೇರು ಕೊಂಡರೆ ಸಾಲದು, ಚೀಟಿ ಓದಬೇಕು

ನಮ್ಮ ಶೃಂಗೇರಿ ಸೀಮೆಯ ಒಬ್ಬ ಬೆಳೆಗಾರರು ಅಡಿಕೆ ಮಾರಿದ ಹಣದಲ್ಲಿ ಒಂದು ಕಂಪನಿಯ ಷೇರು ಕೊಂಡರು. "ಇವತ್ತು ಗುರುವಾರ, ಲಾಭಾಂಶಕ್ಕೆ ಹೆಸರು ಬರೆಯುವ ದಿನ. ಇವತ್ತೇ ತಗೊಳ್ಳಿ" ಅಂತ ದಲ್ಲಾಳಿ ಕಡೆಯವನು ಹೇಳಿದ್ದ. ತಿಂಗಳುಗಳು ಕಳೆದವು. ಲಾಭಾಂಶ ಬರಲೇ ಇಲ್ಲ. "ಮೇಷ್ಟ್ರೇ, ಹೀಗ್ಯಾಕಾಯ್ತು?" ಅಂತ ಕೇಳಿದರು. ಬನ್ನಿ, ತಿಳಿಯೋಣ.

ಷೇರು ಎಂದರೆ ಕಂಪನಿಯಲ್ಲಿ ಒಂದು ಪಾಲು. ಮಂಗಳೂರಿನಲ್ಲಿ 1924ರಲ್ಲಿ ಶುರುವಾದ ಕರ್ಣಾಟಕ ಬ್ಯಾಂಕಿಗೂ ಇಂಥ ಪಾಲುದಾರರಿದ್ದಾರೆ. ಕಂಪನಿ ತನ್ನ ಲಾಭದಲ್ಲಿ ಪಾಲುದಾರರಿಗೆ ಹಂಚುವ ಹಣವೇ ಲಾಭಾಂಶ. ಹಂಚಲೇಬೇಕು ಎಂಬ ಕಡ್ಡಾಯವಿಲ್ಲ.

ಷೇರು ಕೊಂಡ ಕ್ಷಣವೇ ಅದು ನಮ್ಮದಾಗುವುದಿಲ್ಲ. ಹಿಂದೆ ಷೇರು ಕಾಗದದಲ್ಲಿ ಇರುತ್ತಿತ್ತು. ಅದು ಕೈ ಸೇರಲು ಬಹಳ ದಿನ ಬೇಕಿತ್ತು. ಈಗ ಅದು ಡಿಮ್ಯಾಟ್ ಖಾತೆಯಲ್ಲಿ ಇರುತ್ತದೆ. 2003ರಿಂದ ಎರಡು ದಿನದ ಲೆಕ್ಕ ಇತ್ತು. 2023ರ ಜನವರಿ 27ರ ಹೊತ್ತಿಗೆ ಎಲ್ಲ ಷೇರುಗಳಿಗೂ ಒಂದು ದಿನದ ಲೆಕ್ಕ ಬಂತು. ಇವತ್ತು ಕೊಂಡರೆ ಮರುದಿನ ಖಾತೆಗೆ. ರಜೆಯ ದಿನ ಲೆಕ್ಕಕ್ಕಿಲ್ಲ.

ಮತದಾರರ ಪಟ್ಟಿ ಗೊತ್ತಲ್ಲ? ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಹಾಕಲು ಆಗುವುದಿಲ್ಲ. ಇಲ್ಲೂ ಹಾಗೆಯೇ. ಕಂಪನಿ ಒಂದು ದಿನ ಗೊತ್ತು ಮಾಡುತ್ತದೆ. ಅದಕ್ಕೆ ರೆಕಾರ್ಡ್ ದಿನ ಎನ್ನುತ್ತಾರೆ. ಆ ದಿನದ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಲಾಭಾಂಶ.

ರೆಕಾರ್ಡ್ ದಿನ ಗುರುವಾರ ಅಂತ ಇಟ್ಟುಕೊಳ್ಳಿ. ಬುಧವಾರ ಕೊಂಡರೆ ಗುರುವಾರ ಖಾತೆಗೆ ಬರುತ್ತದೆ. ಲಾಭಾಂಶ ಉಂಟು. ಗುರುವಾರ ಕೊಂಡರೆ ಶುಕ್ರವಾರ ಬರುತ್ತದೆ. ಲಾಭಾಂಶ ಮಾರಿದವರಿಗೆ ಹೋಗುತ್ತದೆ. ನಮ್ಮ ಬೆಳೆಗಾರರು ತಪ್ಪಿದ್ದು ಇಲ್ಲೇ. ಒಂದೇ ಒಂದು ದಿನ!

ಹಾಗಂತ ಲಾಭಾಂಶದ ಆಸೆಗೆ ಹಿಂದಿನ ದಿನ ಓಡಿಹೋಗಿ ಕೊಳ್ಳಬೇಡಿ. ರೆಕಾರ್ಡ್ ದಿನ ಷೇರಿನ ಬೆಲೆ ಸಾಮಾನ್ಯವಾಗಿ ಲಾಭಾಂಶದಷ್ಟು ಇಳಿಯುತ್ತದೆ. ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಯಿತು, ಅಷ್ಟೆ.

ಇನ್ನು ದಲ್ಲಾಳಿಯ ಮಾತು. ಮಂಡಿಗೆ ಅಡಿಕೆ ಹಾಕಿದರೆ ತೂಕ, ದರ, ಕಮಿಷನ್ ಬರೆದ ಚೀಟಿ ಕೇಳುತ್ತೇವೆ ತಾನೆ? ಷೇರು ದಲ್ಲಾಳಿಯೂ 24 ಗಂಟೆಯೊಳಗೆ ಚೀಟಿ ಕೊಡಬೇಕು. ಅದರ ಹೆಸರು ಕಾಂಟ್ರಾಕ್ಟ್ ನೋಟ್. ಅದು ಇ-ಮೇಲಿನಲ್ಲೂ ಬರಬಹುದು. ಅದರಲ್ಲಿ ಇವು ಇವೆಯೇ ನೋಡಿ:

• ದಲ್ಲಾಳಿಯ ಸೆಬಿ ನೋಂದಣಿ ಸಂಖ್ಯೆ
• ಷೇರಿನ ಹೆಸರು, ಎಷ್ಟು, ಯಾವ ದರ
• ವ್ಯಾಪಾರ ನಡೆದ ದಿನ, ಸಮಯ
• ದಲ್ಲಾಳಿ ಕಮಿಷನ್, ತೆರಿಗೆ

ದಲ್ಲಾಳಿ ತನ್ನ ಸ್ವಂತಕ್ಕೂ ಷೇರು ವ್ಯಾಪಾರ ಮಾಡುವವನಾದರೆ ಅದನ್ನೂ ನಿಮಗೆ ತಿಳಿಸಬೇಕು. ಇದು ನಿಯಮ. ಈ ನಿಯಮ ಮಾಡುವುದು ಸೆಬಿ. ಅದು 1988ರಲ್ಲಿ ಶುರುವಾಯಿತು. 1992ರಲ್ಲಿ ಅದಕ್ಕೆ ಕಾನೂನಿನ ಬಲ ಬಂತು. ತೊಂದರೆಯಾದರೆ ಮೊದಲು ದಲ್ಲಾಳಿಗೇ ಬರೆದು ದೂರು ಕೊಡಿ. ಸರಿಹೋಗದಿದ್ದರೆ ಸೆಬಿಗೆ ದೂರು ಕೊಡಬಹುದು. ಚೀಟಿ ಇದ್ದರೆ ನಿಮ್ಮ ಮಾತಿಗೆ ಸಾಕ್ಷಿ ಇದೆ.

ಆ ಬೆಳೆಗಾರರು ಈಗ ಪ್ರತಿ ಚೀಟಿಯನ್ನೂ ಬೆರಳಿಟ್ಟು ಓದುತ್ತಾರೆ. ಖಾಲಿ ಕಾಗದಕ್ಕೆ ಸಹಿ ಹಾಕುವುದಿಲ್ಲ. ನೀವೂ ಹಾಕಬೇಡಿ. ಸಹಿ ಕಲಿತದ್ದು ಓದಿ ಹಾಕುವುದಕ್ಕೆ.

ಹೇಳಿ ನೋಡೋಣ: ರೆಕಾರ್ಡ್ ದಿನ ಮಂಗಳವಾರವಾದರೆ, ಲಾಭಾಂಶ ಸಿಗಲು ಯಾವ ದಿನದೊಳಗೆ ಷೇರು ಕೊಳ್ಳಬೇಕು? ಸೋಮವಾರ ರಜೆ ಇದ್ದರೆ?